ಟಿವಿ ಬಾಕ್ಸ್ ತಗೊಳೋ ಮುಂಚೆ ಇಷ್ಟು ನೋಡ್ಕೊಳಿ

ಶಿರಸಿ, ಕುಮಟಾ ಕಡೆಯವ್ರು ಹೊಸಾ ಸ್ಟ್ರೀಮಿಂಗ್ ಬಾಕ್ಸ್ (ನೆಟ್ಟಿಂದ ಟಿವೀಲಿ ಸಿನಿಮಾ, ಸೀರಿಯಲ್ ತೋರ್ಸೋ ಡಬ್ಬ) ತಗೊಳೋದಾದ್ರೆ ಮೊದ್ಲು ಟಿವಿಗೆ ಅದ್ರ ಕೇಬಲ್ ಚುಚ್ಚೋ ಎಚ್‌ಡಿಎಂಐ ಪೋರ್ಟ್ ಇದ್ಯಾ ನೋಡಿ, ಆಮೇಲೆ ಟಿವಿ ಇರೋ ಜಾಗದಲ್ಲೇ ನಿಂತು ಫೋನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, ಅದೂ ಸಂಜೆ ಎಲ್ರೂ ನೆಟ್ ಬಳಸೋ ಹೊತ್ತಲ್ಲಿ. ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, ಅದಕ್ಕಿಂತ ಸ್ಪಷ್ಟವಾದ 4ಕೆಗೆ 15 ಬೇಕು. ಟಿವಿನೇ 4ಕೆ ಅಲ್ದಿದ್ರೆ 4ಕೆ ಬಾಕ್ಸಿಗೆ ದುಡ್ಡು ಹಾಕೋದು ದಂಡ.

ಡಬ್ಬದ ಮೇಲೆ 8ಕೆ ಅಂತ ದೊಡ್ಡದಾಗಿ ಬರ್ದಿರೋ ಹೆಸ್ರಿಲ್ಲದ ಮಾಲು ಬೇಡ್ವೇ ಬೇಡ, ಆಂಡ್ರಾಯ್ಡ್ ಬಾಕ್ಸಲ್ಲಿ ವೈಡ್‌ವೈನ್ ಎಲ್1 (ಕಳ್ಳ ಕಾಪಿ ತಡೆಯೋಕೆ ಗೂಗಲ್ ಮಾಡಿರೋ ರಕ್ಷಣೆಯ ಮೇಲಿನ ಹಂತ) ಇಲ್ದಿದ್ರೆ ಸುಮಾರು ಆ್ಯಪ್‌ಗಳು ಎಚ್‌ಡಿ ಕೊಡೋದೇ ಇಲ್ಲ, ಮಸುಕು ಚಿತ್ರಾನೇ ಗತಿ. ರ‍್ಯಾಮ್ 2 ಜಿಬಿ ಆದ್ರೂ ಇರ್ಲಿ. ಹಳೇ ಮನೆ ದಪ್ಪ ಗೋಡೆ ದಾಟಿ 5 ಗಿಗಾಹರ್ಟ್ಜ್ ವೈಫೈ ಬರೋದು ಕಷ್ಟ, ನೆಟ್ ವೈರ್ ಚುಚ್ಚೋ ಲ್ಯಾನ್ ಪೋರ್ಟ್ ಇರೋದೇ ತಗೊಂಡು ರೂಟರಿಂದ ವೈರ್ ಎಳೀರಿ. ಮತ್ತೆ ಮಾರಾಯ್ರೆ, ಮಳೆಗಾಲದಲ್ಲಿ ಗುಡುಗು ಶುರುವಾದ್ರೆ ಬಾಕ್ಸು, ರೂಟರ್ ಎರಡರದ್ದೂ ಪ್ಲಗ್ ಕಿತ್ತಿಡಿ.