ಮಾಡದ ಅಳತೆಗೆ ಒಬ್ಬ ಸೈನಿಕ

ಧಾರವಾಡದ ನಮ್ಮ ಹಳೆ ಮನೆಯ ಪಡಸಾಲೆ ಗೋಡೆಯಲ್ಲಿ ಎರಡು ಮಾಡಗಳಿವೆ. ಒಂದೊಂದು 9 ಇಂಚು ಎತ್ತರ, 8 ಇಂಚು ಅಗಲ. ಮೊದಲು ಅಲ್ಲಿ ನಾನು ಬಣ್ಣ ಹಚ್ಚಿದ, 54 ಮಿ.ಮೀ. ಎತ್ತರದ ಪುಟ್ಟ ಸೈನಿಕ ಮೂರ್ತಿಗಳು (ಫಿಗರ್‌ಗಳು) ಸಾಲಾಗಿ ನಿಂತಿದ್ದವು. ಕೈಯಲ್ಲಿ ಹಿಡಿದು ನೋಡಿದರೆ ಬಹಳ ಚಂದ. ಆದರೆ ನಾವು ಕೂರುವ ಕುರ್ಚಿಯಿಂದ ಮಾಡಕ್ಕೆ 6 ಅಡಿ. ಅಷ್ಟು ದೂರಕ್ಕೆ ಕಣ್ಣು, ಮೀಸೆ ಯಾವುದೂ ಕಾಣುತ್ತಿರಲಿಲ್ಲ. ಬಣ್ಣದ ಚುಕ್ಕೆಗಳ ಸಾಲು, ಅಷ್ಟೇ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ವೀರಗಲ್ಲು ನೋಡುತ್ತ ನಿಂತಾಗ ಇದೇ ತಲೆಯಲ್ಲಿತ್ತು. ಎಷ್ಟೋ ವೀರಗಲ್ಲುಗಳಲ್ಲಿ ಕಾಳಗದ ಗುಂಪಿನೊಳಗೆ ವೀರ ಒಬ್ಬನೇ ಉಳಿದವರಿಗಿಂತ ದೊಡ್ಡವನು. ದೂರದಿಂದ ಬರುವವರಿಗೂ ಕಲ್ಲು ಯಾರದು ಅಂತ ತಿಳಿಯಬೇಕಲ್ವಾ! ನಾನೂ ಒಂದು ಮಾಡಕ್ಕೆ ಒಬ್ಬನೇ ಸಾಕು, ಅವನು ದೊಡ್ಡವನಿರಲಿ ಅಂದುಕೊಂಡೆ.

ನನಗೆ ಬೇಕಿದ್ದವನು ಸ್ಕಿನ್ನರ್ಸ್ ಹಾರ್ಸ್‌ನ ಸವಾರ. ಈಸ್ಟ್ ಇಂಡಿಯಾ ಕಂಪನಿಗಾಗಿ ಜೇಮ್ಸ್ ಸ್ಕಿನ್ನರ್ 1803ರಲ್ಲಿ ಕಟ್ಟಿದ ಕುದುರೆ ದಳ ಅದು. ಹಳದಿ ಉಡುಪೇ ಅದರ ಗುರುತು. ಕುದುರೆ ಮೇಲಿರಬೇಕೋ, ನೆಲದ ಮೇಲೋ? 75 ಮಿ.ಮೀ.ನವನೋ, 120 ಮಿ.ಮೀ.ನವನೋ? 75 ಅಂದರೆ ನಿಜದ ಆಳಿನ ಸುಮಾರು 24ನೇ ಒಂದು ಭಾಗ. 120 ಅಂದರೆ 16ನೇ ಒಂದು ಭಾಗ. ಕೆಲವರು ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ಹಾಗಾಗಿ ಒಂದೇ ಅಳತೆ ಬರೆದಿದ್ದರೂ ಬೇರೆ ಬೇರೆ ಕಡೆಯ ಫಿಗರ್‌ಗಳನ್ನು ಪಕ್ಕಪಕ್ಕ ಇಟ್ಟರೆ ಹೊಂದುವುದಿಲ್ಲ.

ಲೆಕ್ಕ ಕೆಡಿಸುವುದು ಆಳಿನ ಎತ್ತರವಲ್ಲ, ಕೈಯಲ್ಲಿರುವ ಆಯುಧ. 9 ಅಡಿ ಭರ್ಜಿ 120 ಮಿ.ಮೀ. ಫಿಗರ್‌ನಲ್ಲಿ 17 ಸೆಂ.ಮೀ. ಆಗುತ್ತದೆ. ಪೀಠಕ್ಕೆ ಇನ್ನೊಂದು 4 ಸೆಂ.ಮೀ. ಸೇರಿಸಿ. ನನ್ನ ಮಾಡದ ಎತ್ತರ ಇರುವುದೇ ಸುಮಾರು 23 ಸೆಂ.ಮೀ. ಕುದುರೆ ಮೇಲೆ ಕೂತವನು ಭರ್ಜಿಯನ್ನು ನೆಟ್ಟಗೆ ಹಿಡಿದರೆ ಮಾಡದ ಮೇಲಂಚು ದಾಟಿಬಿಡುತ್ತಾನೆ.

ದುಡ್ಡು ಹಾಕುವ ಮೊದಲು ರಟ್ಟಿನಲ್ಲಿ ಎರಡು ಆಕಾರ ಕತ್ತರಿಸಿದೆ. ಕುದುರೆ ಮೇಲಿನ 75ರ ಸವಾರ, ನೆಲದ ಮೇಲೆ ನಿಂತ 120ರ ಸವಾರ. ವಾರಕ್ಕೊಂದನ್ನು ಮಾಡದಲ್ಲಿಟ್ಟು ಕುರ್ಚಿಯಿಂದ ನೋಡಿದೆ. ಕುದುರೆ ಮೇಲಿನವನು ಮಾಡ ತುಂಬಿಕೊಂಡ. ಆದರೆ ಅವನ ತಲೆ 9 ಮಿ.ಮೀ. ಮಾತ್ರ, ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದು. ನಿಂತವನದು 14 ಮಿ.ಮೀ., ಹುಣಸೆ ಬೀಜದಷ್ಟು. ನನಗೆ ಮುಖ ಕಾಣಬೇಕಿತ್ತು. ಕುದುರೆ ಬಿಟ್ಟೆ.

ವೈಟ್ ಮೆಟಲ್ (ತವರದ ಮಿಶ್ರಲೋಹ) ಬೇಡವೆಂದು ಪ್ಲಾಸ್ಟಿಕ್‌ನಂಥ ರೆಸಿನ್ನಿನ ಫಿಗರ್ ತಗೊಂಡೆ, ಭಾರ ಕಡಿಮೆ. ಬೇಸಿಗೆಯ ಸೆಕೆಗೆ ರೆಸಿನ್ನಿನ ತೆಳು ಭಾಗಗಳು ಬಾಗುತ್ತವೆ. ಅದಕ್ಕೇ ಭರ್ಜಿ ತೆಗೆದು ಹಿತ್ತಾಳೆ ಕಡ್ಡಿ ಹಾಕಿದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಬಣ್ಣ) ಹೊಡೆದದ್ದು ಮಾತ್ರ ನನ್ನ ತಪ್ಪು. ಮೈಯೆಲ್ಲ ರವೆಯಂತೆ ತರಿತರಿಯಾಯಿತು. ಎಲ್ಲ ತೆಗೆದು, ಬಿಸಿಲು ಬೀಳುವವರೆಗೆ ಕಾಯ್ದೆ.

ಹಳದಿಯದೇ ದೊಡ್ಡ ಕೆಲಸ. ಹಳದಿ ಬಣ್ಣ ತೆಳು, ಕೆಳಗಿನದನ್ನು ಮುಚ್ಚುವುದಿಲ್ಲ. ಬಿಳಿಯ ಮೇಲೆ ಹಚ್ಚಿದರೆ ಪೇಲವ, ಕಪ್ಪಿನ ಮೇಲೆ ಹಸಿರು ಛಾಯೆ. ಮೊದಲು ಕಾವಿ ಬೆರೆಸಿದ ಕಂದು ಹಚ್ಚಿ, ಅದರ ಮೇಲೆ ತೆಳುವಾಗಿ ಆರೇಳು ಪದರ ಕೊಟ್ಟೆ. ದೇವರಗುಡ್ಡದ ಜಾತ್ರೆಯಲ್ಲಿ ಭಂಡಾರದ ಅರಿಶಿನ ಪುಡಿ ಬಿದ್ದ ಅಂಗಿಯ ಮಡಿಕೆಗಳಲ್ಲಿ ಕಾಣುವ ಹಳದಿ ನನಗೆ ಬೇಕಿತ್ತು. ಸಣ್ಣ ಫಿಗರ್‌ನಲ್ಲಿ ಅಂಗಿಗೆ ಎರಡು ಛಾಯೆ ಸಾಕು. ಇಲ್ಲಿ ಬೆನ್ನಿನದೇ ಅಗಲವಾದ ಬಯಲು. ಅಲ್ಲಿ ನೆರಳು ಬರೆಯದಿದ್ದರೆ ಬೊಂಬೆಯಂತೆ ಕಾಣುತ್ತದೆ. ಅಂಗಿ ಒಂದಕ್ಕೇ ಐದು ಭಾನುವಾರ ಹಿಡಿಯಿತು.

ಮಾಡದ ಬಾಯಿಗೆ ಗಾಜು ಹಾಕಿಸಿದ್ದೇನೆ, ಇಲ್ಲಿನ ಧೂಳಿಗೆ ಅದು ಬೇಕೇ ಬೇಕು. ಒಳಗೆ ಮೇಲ್ಗಡೆ ಸಣ್ಣ ಎಲ್‌ಇಡಿ ಇದೆ. ಅದನ್ನು ಸ್ವಲ್ಪ ಮುಂದಕ್ಕೆ ಸರಿಸಿದ ಮೇಲೆ ಮುಂಡಾಸಿನ ನೆರಳು ಕಣ್ಣಿನ ಮೇಲಿಂದ ಸರಿಯಿತು. ಈಗ ಕುರ್ಚಿಯಿಂದಲೇ ಅವನ ನೋಟ ಕಾಣುತ್ತದೆ. ಪಕ್ಕದ ಮಾಡದಲ್ಲಿ ಸದ್ಯಕ್ಕೆ ತಲೆಯಿಂದ ಎದೆಯವರೆಗೆ ಮಾತ್ರ ಇರುವ ಇನ್ನೊಂದು ರಟ್ಟಿನ ಆಕಾರ ಇಟ್ಟು ನೋಡುತ್ತಿದ್ದೇನೆ.