ಕನ್ನಡದಲ್ಲಿ ಹೇಳಿಕೊಳ್ಳಲು ಒಂದು ಜಾಗ

ಕುಡಿತ ಬಿಟ್ಟ ಮೊದಲ 9 ದಿನಗಳನ್ನು ನಾನು ಆಸ್ಪತ್ರೆಯಲ್ಲಿ ಕಳೆದೆ. 14 ವರ್ಷ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ದೆಗೇಡಿನ ಜೊತೆಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಸನ್ನಿ ಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು ಎಂದು ವೈದ್ಯರು ಹೇಳಿದ್ದರಿಂದ ಮನೆಯಲ್ಲೇ ಬಿಡುವ ಹಟವನ್ನು ಕೈಬಿಟ್ಟಿದ್ದೆ. ಬಿಡುಗಡೆಯ ದಿನ ಆಪ್ತಸಮಾಲೋಚಕಿ ಕೇಳಿದ ಪ್ರಶ್ನೆಯೊಂದು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು: "ನಡುಕಕ್ಕೆ ಮಾತ್ರೆ ಇದೆ. ಸಂಜೆ ಆರರಿಂದ ಎಂಟರವರೆಗೆ ಏನು ಮಾಡುತ್ತೀರಿ?"

ನನ್ನ ಮುಂದೆ ಎರಡು ದಾರಿಗಳಿದ್ದವು. ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರದಲ್ಲಿ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಯೊಂದು ಹೆಂಡತಿಯ ಊರಿನಲ್ಲಿತ್ತು. ಭಾವಮೈದುನ ಅದನ್ನೇ ಸೂಚಿಸಿದ. ಆ ಸಮಿತಿಯಿಂದ ಬದುಕು ಕಟ್ಟಿಕೊಂಡವರನ್ನು ನಾನು ಬಲ್ಲೆ. ಆದರೆ ಅಲ್ಲಿ ಎಲ್ಲರೂ ನನ್ನನ್ನು ಅಳಿಯನೆಂದು ಗುರುತಿಸುತ್ತಿದ್ದರು, ಆ ಗುರುತನ್ನು ಹೊತ್ತು ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಹೆಸರು ಹೊರಗೆ ಹೋಗದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಎ.ಎ. ಎನ್ನುವ ಕೂಟವನ್ನು ಹುಡುಕಲು ಹೊರಟೆ. 1935ರಲ್ಲಿ ಅಮೆರಿಕದ ಅಕ್ರಾನ್ ಪಟ್ಟಣದಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ ತಮ್ಮ ತಮ್ಮ ಕುಡಿತದ ಕಥೆಯನ್ನು ಪರಸ್ಪರ ಹೇಳಿಕೊಂಡದ್ದರಿಂದ ಅದು ಹುಟ್ಟಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಸಿಕ್ಕ ಮೊದಲ ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಎರಡನೆಯದಕ್ಕೆ ರಾತ್ರಿ ಒಂಬತ್ತೂವರೆಗೆ ಕರೆ ಮಾಡಿದಾಗ ಎತ್ತಿಕೊಂಡ ವ್ಯಕ್ತಿ ನನ್ನ ಹೆಸರನ್ನಾಗಲಿ ಕೆಲಸವನ್ನಾಗಲಿ ಕೇಳಲಿಲ್ಲ. "ಇವತ್ತು ಕುಡಿದಿದ್ದೀರಾ?" ಎಂದರು. ಇಲ್ಲವೆಂದೆ. "ನಾಳೆ ಸಂಜೆ ಬನ್ನಿ. ನಾಳೆ ಕುಡಿದುಬಿಟ್ಟರೂ ಬನ್ನಿ" ಎಂದು ವಿಳಾಸ ಕೊಟ್ಟರು.

ಅದು ಇಂಗ್ಲಿಷಿನಲ್ಲಿ ನಡೆಯುವ ಕೂಟವಾಗಿತ್ತು. ಎಲ್ಲರೂ ಸೌಜನ್ಯದಿಂದ ನಡೆದುಕೊಂಡರು. ನಾನೂ ನನ್ನ ಸರದಿಯಲ್ಲಿ ಎದ್ದು ಆಲ್ಕೋಹಾಲಿಕ್ ಎಂದು ಪರಿಚಯಿಸಿಕೊಂಡು, ಕಚೇರಿಯ ವರದಿ ಓದಿದಂತೆ ನಾಲ್ಕು ವಾಕ್ಯ ಹೇಳಿ ಕುಳಿತೆ. ನೋವೇ ಆಗಲಿಲ್ಲ. ನೋವಾಗದ್ದೇ ಕೊರತೆಯೆಂದು ಮೂರನೆಯ ವಾರಕ್ಕೆ ಹೊಳೆಯಿತು. ಅಪ್ಪ ನನ್ನನ್ನು ಬೈದದ್ದು, ಮಗಳು ಶಾಲೆಯ ಗೇಟಿನಲ್ಲಿ ನನ್ನನ್ನು ಕಂಡು ತಲೆ ತಗ್ಗಿಸಿದ್ದು, ಎಲ್ಲವೂ ನಡೆದದ್ದು ಕನ್ನಡದಲ್ಲಿ. ಬಾಡಿಗೆಯ ಮಾತಿನಲ್ಲಿ ಅವುಗಳನ್ನು ಹೊರಗೆಳೆಯಲು ನನ್ನಿಂದಾಗಲಿಲ್ಲ. ಇದನ್ನು ಅಲ್ಲಿನ ಹಿರಿಯರೊಬ್ಬರಿಗೆ ಹೇಳಿದಾಗ ಅವರು ಬೇಸರಿಸದೆ, ಊರಿನ ಇನ್ನೊಂದು ತುದಿಯಲ್ಲಿ ಗುರುವಾರ ಸೇರುವ ಕನ್ನಡ ಗುಂಪಿಗೆ ತಾವೇ ಸ್ಕೂಟರಿನಲ್ಲಿ ಕರೆದೊಯ್ದರು.

ಶಾಲೆಯೊಂದರ ತರಗತಿ, ಮಕ್ಕಳ ಗಿಡ್ಡ ಬೆಂಚುಗಳು, ಫ್ಲಾಸ್ಕಿನಲ್ಲಿ ಚಹಾ. ಅಂದು ಹನ್ನೊಂದು ಜನರಿದ್ದರು: ಆಟೊ ಓಡಿಸುವವರು, ನಿವೃತ್ತ ಮೇಷ್ಟ್ರು, ಹೂವಿನ ವ್ಯಾಪಾರದ ಹೆಂಗಸು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ತಡೆಯುವುದಿಲ್ಲ, ಸಲಹೆ ಕೊಡುವುದಿಲ್ಲ. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದೇ ಸಾಕು. ಕೊನೆಗೆ ಸುತ್ತಿ ಬರುವ ಡಬ್ಬಿಗೆ ಸದಸ್ಯರು ಕೈಲಾದಷ್ಟು ಹಾಕುತ್ತಾರೆ. ಹೊರಗಿನವರಿಂದ ಹಣ ಪಡೆಯುವ ಪದ್ಧತಿಯಿಲ್ಲ. ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುವಾಗ ನಾನು ಹಿಂಜರಿದೆ, ಆದರೆ ಅವರವರು ಅರಿತಂತೆ ಎಂಬ ಸಡಿಲಿಕೆ ಅದರಲ್ಲೇ ಇದೆ. ಮೇಷ್ಟ್ರು ಎದ್ದು ತಮ್ಮ ಹೆಸರು ಹೇಳಿ "ನಾನು ಕುಡುಕ" ಎಂದರು. ನಮ್ಮ ಬೀದಿಯಲ್ಲಿ ಬೈಗುಳವಾಗಿಯೇ ಕೇಳಿದ್ದ ಆ ಮಾತನ್ನು ಒಬ್ಬರು ಇಷ್ಟು ಸಮಾಧಾನದಿಂದ ತಮ್ಮ ಬಾಯಲ್ಲೇ ಹೇಳಿಕೊಂಡದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ. ನನ್ನ ಬಾಯಿಂದ ಅದು ಹೊರಡಲು ಐದು ಗುರುವಾರಗಳು ಬೇಕಾದವು. ಹೊರಟ ದಿನ ಮಗಳ ವಿಷಯವನ್ನೂ ಹೇಳಿದೆ.

71ನೆಯ ದಿನ ಹೊಸತೊಡಕು ಬಂತು. ಯುಗಾದಿಯ ಮರುದಿನ ನಮ್ಮ ಕಡೆ ಮಾಂಸದಡುಗೆಯ ಜೊತೆ ಬಾಟಲಿ ತೆರೆಯುವುದು ರೂಢಿ. ನೆಂಟರ ಮನೆಯಲ್ಲಿ ಒಂದು ಗ್ಲಾಸಿಗೆಂದು ಕೂತವನು ಮೂರು ದಿನ ಕುಡಿದೆ. ಆಮೇಲೆ ಎರಡು ಗುರುವಾರ ಹೋಗಲಿಲ್ಲ. ಮೂರನೆಯ ಗುರುವಾರ ಆಟೊದವರು ಬಾಗಿಲಿಗೆ ಬಂದು, ಏನನ್ನೂ ಕೇಳದೆ, ನಾನು ಚಪ್ಪಲಿ ಮೆಟ್ಟುವವರೆಗೆ ಕಾದರು. ಹೊಸಬರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ಯಾರೂ ಉಪದೇಶ ಮಾಡಲಿಲ್ಲ. ಮೇಷ್ಟ್ರು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು, ಲೆಕ್ಕ ಮತ್ತೆ ಒಂದರಿಂದ ಆರಂಭವಾಯಿತು.

ಹುಡುಕುತ್ತಿರುವವರಿಗೆ ಎರಡು ಮಾತು ಹೇಳಬೇಕು. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಿ, ಆದರೆ ಒಂದೇ ಸಂಜೆಯಲ್ಲಿ ತೀರ್ಮಾನಿಸಬೇಡಿ. ಗುಂಪಿಗೆ ಸೇರಿದೆನೆಂದು ವೈದ್ಯರ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಲ್ಲಿಂದ ಆರಂಭಿಸುವುದೆಂದು ತೋಚದವರು ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ನನ್ನ ಹೆಂಡತಿ ಅಲ್ಲಿ ಏನು ಹೇಳಿಕೊಳ್ಳುತ್ತಾಳೆಂದು ನಾನು ಕೇಳುವುದಿಲ್ಲ.

ಮರುವರ್ಷದ ಹೊಸತೊಡಕಿನಂದು ನಮ್ಮ ಗುಂಪು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೇರಿತು. ನಾನು ಎರಡಕ್ಕೂ ಹೋಗಿದ್ದೆ, ನಡುವೆ ಮನೆಗೆ ಬಂದು ಮಗಳ ಜೊತೆ ಊಟ ಮಾಡಿದೆ.