ದೊಡ್ಡ ಮಳಿಗೆ ವಿರುದ್ಧ ಆಕ್ಷೇಪಣೆ: ಸಹಿ ಆಮೇಲೆ, ಮೊದಲು ವಾಹನ ಎಣಿಸಿ

ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿರುವ ಒಂದು ಬಡಾವಣೆಯವರು ಮುನ್ನೂರು ಸಹಿಗಳ ಮನವಿ ಹಿಡಿದು ಕಚೇರಿಗೆ ಹೋಗಿದ್ದರು. ತಿರುವಿನಲ್ಲಿ ದೊಡ್ಡ ಮಳಿಗೆ ಬರುತ್ತಿದೆ, ವಾಹನ ದಟ್ಟಣೆಯಿಂದ ಸಾರ್ವಜನಿಕರಿಗೆ ತೀವ್ರ ತೊಂದರೆಯಾಗಲಿದೆ, ತಡೆಯಬೇಕು ಎಂದು ಬರೆದಿದ್ದರು. ಮನವಿ ಕೊಡುವ ಫೋಟೊ ಪತ್ರಿಕೆಯಲ್ಲೂ ಬಂತು. ‘ನಿರ್ದಿಷ್ಟ ಅಂಶಗಳಿಲ್ಲ’ ಎಂಬ ಒಂದೇ ಷರಾದೊಂದಿಗೆ ಕಡತ ಮುಚ್ಚಿತು. ಈಗ ಶನಿವಾರ ಸಂಜೆ ಆ ಮಳಿಗೆಯ ಗೇಟಿನಿಂದ ಹಿಡಿದ ಕಾರುಗಳ ಸಾಲು ಪಕ್ಕದ ಶಾಲೆಯನ್ನೂ ದಾಟುತ್ತದೆ.

ಇಂಥ ಮನವಿಗಳನ್ನು ನಾನು ಸಾಕಷ್ಟು ಓದಿದ್ದೇನೆ. ಸಹಿ ಇರುತ್ತದೆ, ಸಿಟ್ಟು ಇರುತ್ತದೆ, ಅಂಕಿ ಮಾತ್ರ ಒಂದೂ ಇರುವುದಿಲ್ಲ.

ಹಂತ 1: ಯಾವ ಬಾಗಿಲು ತಟ್ಟಬೇಕು?

ಆ ಜಾಗ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ, ಅಂದರೆ ವಸತಿಗೋ ವಾಣಿಜ್ಯಕ್ಕೋ ಎಂದು ನೋಡಿ. ನಕ್ಷೆ ನವನಗರದ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಸಿಗುತ್ತದೆ. ವಸತಿ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವುದಿದ್ದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನಡಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು. ಈ ಪ್ರಕಟಣೆ ಟೆಂಡರ್ ಜಾಹೀರಾತುಗಳ ನಡುವೆ ಅಂಗೈಯಗಲ ಜಾಗದಲ್ಲಿ ಬಂದು ಹೋಗುತ್ತದೆ. ‘ನಿಮ್ಮ ಮನೆ ಎದುರಿನ ಖಾಲಿ ಜಾಗ’ ಎಂದು ಯಾರೂ ಬರೆಯುವುದಿಲ್ಲ, ರಿ.ಸ.ನಂ. (ಜಮೀನಿನ ಸರ್ವೆ ನಂಬರು) ಅಷ್ಟೇ ಇರುತ್ತದೆ. ಆದ್ದರಿಂದ ಆ ಜಾಗದ ರಿ.ಸ.ನಂ. ಅಥವಾ ಸಿಟಿಎಸ್ (ಸಿಟಿ ಸರ್ವೆ) ನಂಬರು ಮೊದಲೇ ಬರೆದಿಟ್ಟುಕೊಳ್ಳಿ.

ಜಾಗ ಮೊದಲಿನಿಂದಲೂ ವಾಣಿಜ್ಯದ್ದಾಗಿದ್ದರೆ ಉಳಿಯುವುದು ಮಹಾನಗರ ಪಾಲಿಕೆಯ ಕಟ್ಟಡ ಪರವಾನಗಿ. ಅಲ್ಲಿ ನಿಮ್ಮನ್ನು ಯಾರೂ ಕರೆದು ಕೇಳುವುದಿಲ್ಲ, ನೀವಾಗಿಯೇ ಆಯುಕ್ತರಿಗೆ ಬರೆದು ಕೊಡಬೇಕು. ಆಗ ‘ಮಳಿಗೆಯೇ ಬೇಡ’ ಎಂದು ಹಟ ಹಿಡಿಯುವುದು ದಂಡ. ‘ಗೇಟು ಇಲ್ಲಿ ಬೇಡ, ಆ ಕಡೆ ಇರಲಿ’ ಎನ್ನಿ. ಅದಕ್ಕೆ ಕಿವಿಗೊಡುವ ಅಧಿಕಾರಿಗಳಿದ್ದಾರೆ.

ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಮಾಲ್‌ಗಳು ಇದರಲ್ಲಿ ಸಿಗುತ್ತವೆ, ಒಂಟಿ ಮಳಿಗೆಗಳು ಬಹುತೇಕ ತಪ್ಪಿಸಿಕೊಳ್ಳುತ್ತವೆ.

ಹಂತ 2: ನಕ್ಷೆ ತರಿಸಿಕೊಳ್ಳಿ

ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಮೂರು ಪುಟ ಬರೆದು ತಿರಸ್ಕೃತರಾದವರನ್ನು ನೋಡಿದ್ದೇನೆ. ಮಳಿಗೆಯ ಕಟ್ಟಡದ ನಕ್ಷೆಯ ಪ್ರತಿ, ಪಾರ್ಕಿಂಗ್ ಲೆಕ್ಕ, ಸಂಚಾರ ವರದಿ ಇದ್ದರೆ ಅದರ ಪ್ರತಿ, ಇಷ್ಟು ಕೇಳಿದರೆ ಸಾಕು. ಉತ್ತರ ಬರಲಿ ಎಂದು ಮಾತ್ರ ಕಾಯುತ್ತ ಕೂರಬೇಡಿ. ಆಕ್ಷೇಪಣೆಗೆ 15 ದಿನ, ಮಾಹಿತಿಗೆ 30 ದಿನ ಎಂದರೆ ಲೆಕ್ಕ ನಿಮಗೇ ತಿಳಿಯುತ್ತದೆ.

ಹಂತ 3: ಎಣಿಕೆ

ಎಲ್ಲರೂ ಎಡವುವುದು ಇಲ್ಲಿಯೇ. ಒಬ್ಬ ಉತ್ಸಾಹಿ ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಅರ್ಧ ಗಂಟೆ ನಿಂತು ‘ಸುಮಾರು ಸಾವಿರ ಗಾಡಿ’ ಎಂದು ಬರೆದುಕೊಂಡು ಬರುತ್ತಾನೆ. ಆ ‘ಸುಮಾರು’ ಎಂಬ ಪದ ಇಡೀ ಅರ್ಜಿಯನ್ನು ಮುಳುಗಿಸುತ್ತದೆ.

ಎರಡು ದಿನ ಎಣಿಸಿ: ಮಂಗಳವಾರದಿಂದ ಗುರುವಾರದೊಳಗೆ ಒಂದು ಸಾಮಾನ್ಯ ದಿನ, ಮತ್ತೊಂದು ಶನಿವಾರ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದು, ಸಂಜೆ ಐದರಿಂದ ಎಂಟೂವರೆ. ಗಣೇಶ ಹಬ್ಬದ ವಾರ, ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ, ಶಾಲೆಯ ರಜೆ, ಜೋರು ಮಳೆ, ಇವುಗಳಲ್ಲಿ ಎಣಿಸಬೇಡಿ. ಮೇಲ್ಸೇತುವೆ ಕಾಮಗಾರಿಗೆಂದು ಚನ್ನಮ್ಮ ವೃತ್ತದ ಕಡೆಯ ವಾಹನಗಳನ್ನು ನಿಮ್ಮ ರಸ್ತೆಗೆ ತಿರುಗಿಸಿದ ದಿನಗಳ ಎಣಿಕೆಯೂ ನಿಲ್ಲುವುದಿಲ್ಲ. ‘ಇದು ತಾತ್ಕಾಲಿಕ’ ಎಂದು ಎದುರು ಪಕ್ಷ ಒಂದೇ ಮಾತಿನಲ್ಲಿ ಅದನ್ನು ಹೊಡೆದುಹಾಕುತ್ತದೆ.

ರಸ್ತೆಯ ಒಂದೊಂದು ದಿಕ್ಕಿಗೆ ಇಬ್ಬರು ಬೇಕು. ಒಬ್ಬರು ದ್ವಿಚಕ್ರ ವಾಹನಗಳನ್ನು ಮಾತ್ರ ಎಣಿಸಬೇಕು, ಇನ್ನೊಬ್ಬರು ಉಳಿದೆಲ್ಲವನ್ನೂ. ಸಿಗ್ನಲ್ ಬಿಟ್ಟಾಗ ಬೈಕುಗಳು ಜೇನುಹುಳುಗಳಂತೆ ಒಟ್ಟಿಗೆ ಬರುವುದರಿಂದ, ಒಬ್ಬರೇ ಎರಡನ್ನೂ ಎಣಿಸಿದರೆ ಆಟೊ, ಟಂಟಂ ಕೈತಪ್ಪುತ್ತವೆ. ಹಿಂದಿನ ದಿನ 15 ನಿಮಿಷ ಅಭ್ಯಾಸ ಮಾಡಿ. ಇಬ್ಬರೂ ಒಂದೇ ದಿಕ್ಕನ್ನು ಎಣಿಸಿ ಹೋಲಿಸಿ, ದೊಡ್ಡ ಅಂತರ ಬಂದರೆ ಮತ್ತೊಮ್ಮೆ ಎಣಿಸಿ. ಮಕ್ಕಳನ್ನು ಕೂರಿಸಬಹುದೇ ಎಂದು ಕೇಳುತ್ತಾರೆ. ಕಾಲೇಜು ಹುಡುಗರಾದರೆ ಸರಿ. ಅದಕ್ಕಿಂತ ಚಿಕ್ಕವರು ಇಪ್ಪತ್ತು ನಿಮಿಷಕ್ಕೆ ಗೋಲಿ ಆಡಲು ಏಳುತ್ತಾರೆ.

ಒಂದು ಹಾಳೆಗೆ 15 ನಿಮಿಷ. ತಲೆಬರಹದಲ್ಲಿ ಜಾಗ, ದಿಕ್ಕು, ದಿನಾಂಕ, ಸಮಯ, ಎಣಿಸಿದವರ ಹೆಸರು, ಸಹಿ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡಗೆರೆ. ಬಾಲ್ ಪೆನ್ನೇ ಬಳಸಿ, ಪೆನ್ಸಿಲ್ ಬೇಡ. ಅಳಿಸಿದ ಗುರುತಿರುವ ಹಾಳೆಯನ್ನು ಯಾರೂ ನಂಬುವುದಿಲ್ಲ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿ. ಬೆರಳಿಗೆ ತೊಡುವ ಜಪದ ಕೌಂಟರ್ ತರುವವರಿದ್ದಾರೆ. ದೇವರ ಮನೆಗೆ ಅದು ಸರಿ, ರಸ್ತೆ ಬದಿಯಲ್ಲಿ ಬೇಡ. ಅಗ್ಗದವು ಬೇಗ ಬೇಗ ಒತ್ತಿದರೆ ಒಂದೆರಡನ್ನು ನುಂಗುತ್ತವೆ, ರಿಸೆಟ್ ಗುಂಡಿಗೆ ಬೆರಳು ತಾಗಿದರೆ ಒಂದು ಗಂಟೆಯ ದುಡಿಮೆ ಸೊನ್ನೆ. ಮೊಬೈಲ್ ಆ್ಯಪ್‌ಗಳ ಮೇಲೂ ನನಗೆ ನಂಬಿಕೆಯಿಲ್ಲ. ಮಹಡಿಯಿಂದ ತೆಗೆದ ವಿಡಿಯೊ ಮಾತ್ರ ಒಳ್ಳೆಯ ಸಾಕ್ಷಿ, ಎಣಿಕೆಯ ಜೊತೆಗೆ ಅದೂ ಇರಲಿ.

ಹುಬ್ಬಳ್ಳಿ-ಧಾರವಾಡ ಮುಖ್ಯ ರಸ್ತೆಯಲ್ಲಿ ಎಣಿಸುವವರಿಗೆ ಒಂದು ಎಚ್ಚರಿಕೆ. ನಡುವಿನ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್‌ಗಳನ್ನು ಸೇರಿಸಬೇಡಿ. ಅವು ನಿಮ್ಮ ಪಥದ ಜಾಗ ತಿನ್ನುವುದಿಲ್ಲ. ಸೇರಿಸಿದ್ದು ಸಿಕ್ಕಿಬಿದ್ದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ಎಣಿಕೆಯ ದಿನವೇ ಟೇಪ್ ಹಿಡಿದು ರಸ್ತೆ ಅಳೆಯಿರಿ. ಬೆಳಗಿನ ಆರಕ್ಕೆ ಒಮ್ಮೆ, ಶನಿವಾರ ಸಂಜೆ ಏಳಕ್ಕೆ ಮತ್ತೊಮ್ಮೆ. ನಿಲ್ಲಿಸಿದ ಬೈಕು, ಪಾನಿಪುರಿ ಗಾಡಿಗಳನ್ನು ಬಿಟ್ಟು ಓಡಾಟಕ್ಕೆ ಉಳಿದ ಅಗಲವೆಷ್ಟು ಎಂಬುದು ಕಾಗದದ ಮೇಲಿನ ಅಗಲಕ್ಕಿಂತ ದೊಡ್ಡ ವಾದ.

ಹಂತ 4: ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತನ್ನಿ

ಬೈಕು, ಬಸ್ಸು ಒಂದೇ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಐಆರ್‌ಸಿ 106ರಲ್ಲಿ ಪ್ರತಿ ವಾಹನವೂ ಎಷ್ಟು ಕಾರಿಗೆ ಸಮ ಎಂದು ಹೇಳುವ ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಎಂಬ ಅಂಕವಿದೆ, ಕಾರಿಗೆ 1. ಮರ್ಮವೆಂದರೆ ಉಳಿದವಕ್ಕೆ ಎರಡೆರಡು ಅಂಕಗಳಿವೆ. ಒಟ್ಟು ವಾಹನಗಳಲ್ಲಿ ಆ ಬಗೆಯದು ಶೇ 5ರಷ್ಟಿದ್ದರೆ ಚಿಕ್ಕದು, ಶೇ 10 ಅಥವಾ ಹೆಚ್ಚಿದ್ದರೆ ದೊಡ್ಡದು. ಬೈಕಿಗೆ 0.5 ಅಥವಾ 0.75, ಆಟೊಗೆ 1.2 ಅಥವಾ 2, ಸಣ್ಣ ಸರಕು ವಾಹನಕ್ಕೆ 1.4 ಅಥವಾ 2, ಬಸ್ಸು, ಲಾರಿಗೆ 2.2 ಅಥವಾ 3.7, ಸೈಕಲ್ಲಿಗೆ 0.4 ಅಥವಾ 0.5. ಮೊತ್ತ ಹಿಗ್ಗಲಿ ಎಂದು ಎಲ್ಲಕ್ಕೂ ದೊಡ್ಡ ಅಂಕ ಹಾಕುವ ಚಪಲ ಬೇಡ. ಮಳಿಗೆಯವರ ಸಲಹೆಗಾರ ಮೊದಲು ಹುಡುಕುವುದೇ ಅದನ್ನು.

ಒಂದು ಮಾದರಿ ಲೆಕ್ಕ ನೋಡಿ. ಒಂದು ಗಂಟೆಯಲ್ಲಿ ಎರಡೂ ದಿಕ್ಕು ಸೇರಿ 1,200 ಬೈಕು, 300 ಕಾರು, 200 ಆಟೊ, 50 ಸಣ್ಣ ಸರಕು ವಾಹನ, 30 ಬಸ್ಸು-ಲಾರಿ, 20 ಸೈಕಲ್ ಹೋದವು ಎನ್ನೋಣ. ಒಟ್ಟು 1,800. ಬೈಕು ಮತ್ತು ಆಟೊ ಶೇ 10 ದಾಟಿವೆ, ಕೊನೆಯ ಮೂರೂ ಶೇ 5ಕ್ಕಿಂತ ಕಡಿಮೆ. ಹಾಗಾಗಿ 900, 300, 400, 70, 66, 8 ಕೂಡಿಸಿ 1,744 ಪಿಸಿಯು.

ಎರಡು ಪಥದ ರಸ್ತೆಗೆ ಅದೇ ಕೈಪಿಡಿ ಹೇಳುವ ಮಿತಿ ಗಂಟೆಗೆ 1,500, 1,200 ಅಥವಾ 900 ಪಿಸಿಯು. ಅಕ್ಕಪಕ್ಕ ಅಂಗಡಿಯಿಲ್ಲದ, ವಾಹನ ನಿಲ್ಲದ ಪ್ರಮುಖ ರಸ್ತೆಗೆ ಮೊದಲನೆಯದು. ಅಂಗಡಿ, ಅಡ್ಡರಸ್ತೆ, ಬಸ್ ನಿಲ್ದಾಣ ಇದ್ದರೂ ವಾಹನ ನಿಲುಗಡೆ ಇಲ್ಲದಿದ್ದರೆ ಎರಡನೆಯದು. ಬದಿಯಲ್ಲಿ ವಾಹನ ನಿಲ್ಲಿಸುವ ರಸ್ತೆಗೆ ಮೂರನೆಯದು. ಮಳಿಗೆಯ ವರದಿಯಲ್ಲಿ 1,500 ಹಿಡಿದಿದ್ದರೆ, ಅಲ್ಲ, ಇದು 900ರ ರಸ್ತೆ ಎಂದು ತೋರಿಸಲು ನಿಮ್ಮ ಟೇಪಿನ ಅಳತೆ, ಪಾನಿಪುರಿ ಗಾಡಿಯ ಫೋಟೊ ಇಲ್ಲಿ ಕೆಲಸಕ್ಕೆ ಬರುತ್ತವೆ.

ಹಂತ 5: ಮಳಿಗೆ ತರುವ ಹೊಸ ವಾಹನಗಳು

ಊಹಿಸಬೇಡಿ. ಅಷ್ಟೇ ದೊಡ್ಡ, ಈಗಾಗಲೇ ನಡೆಯುತ್ತಿರುವ ಮಳಿಗೆಯೊಂದರ ಗೇಟಿನ ಎದುರು ಶನಿವಾರ ಸಂಜೆ ನಿಂತು ಒಳಗೆ ಹೋದದ್ದು, ಹೊರಗೆ ಬಂದದ್ದು ಎಣಿಸಿ. ಕಾವಲುಗಾರ ಕೇಳಿದರೆ ನಿಜವನ್ನೇ ಹೇಳಿ, ರಸ್ತೆ ಸಾರ್ವಜನಿಕರದ್ದು.

ಹಂತ 6: ಬರೆಯುವುದು

ಒಂದೇ ಪುಟ. ಎಣಿಕೆಯ ಹಾಳೆಗಳು ಅನುಬಂಧ. ‘ತೀವ್ರ’, ‘ಅಪಾರ’, ‘ಹಿತದೃಷ್ಟಿಯಿಂದ’ ಎಂಬ ಪದಗಳನ್ನು ಹೊಡೆದುಹಾಕಿ. ಕೋರಿಕೆಗಳನ್ನು ಬಿಡಿಸಿ ಬರೆಯಿರಿ: ಗೇಟು ವೃತ್ತದಿಂದ ದೂರ ಇರಬೇಕು, ಕಾರು ತಡೆದು ಬಿಡುವ ತಡೆಗಂಬ ಗೇಟಿನ ಬಾಯಲ್ಲಿರದೆ ಒಳಗಡೆ ಇದ್ದು ಕಾರುಗಳ ಸಾಲು ಆವರಣದಲ್ಲೇ ನಿಲ್ಲಬೇಕು, ಹೊರಗೆ ಬರುವವರು ಎಡಕ್ಕೆ ಮಾತ್ರ ತಿರುಗಬೇಕು, ಸರಕಿನ ಲಾರಿ ರಾತ್ರಿ ಮಾತ್ರ ಬರಬೇಕು. ಎಲ್ಲ ಒಟ್ಟಿಗೆ ಸಿಗುವುದಿಲ್ಲ. ನಾನಾದರೆ ತಡೆಗಂಬವನ್ನು ಮೊದಲು ಕೇಳುತ್ತೇನೆ, ಬೀದಿಗೆ ಸಾಲು ಬರುವುದು ಅದರಿಂದಲೇ.

ಹಂತ 7: ಸಲ್ಲಿಕೆ

ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆವು ಎಂದು ಹೆಮ್ಮೆಪಡುವವರ ಬಳಿ ಆಮೇಲೆ ಸ್ವೀಕೃತಿಯೇ ಇರುವುದಿಲ್ಲ. ಒಂದು ಪ್ರತಿ ಪೊಲೀಸ್ ಆಯುಕ್ತರಿಗೂ ಹೋಗಲಿ. ಮೂಲ ಹಾಳೆಗಳನ್ನು ಯಾರಿಗೂ ಕೊಡಬೇಡಿ, ಜೆರಾಕ್ಸ್ ಸಾಕು.

ಹಂತ 8: ವಿಚಾರಣೆ

ಕಚೇರಿಯವರು ವಿಚಾರಣೆಗೆ ಕರೆದರೆ ಎಣಿಸಿದವರೇ ಮಾತನಾಡಬೇಕು. ಬಡಾವಣೆಯ ಹಿರಿಯರು ಭಾಷಣಕ್ಕೆ ನಿಂತರೆ ನಯವಾಗಿ ಕೂರಿಸಿ. ತೀರ್ಮಾನ ಏನೇ ಆಗಲಿ, ಕಾರಣ ಸಹಿತ ಲಿಖಿತ ಆದೇಶ ಬೇಕೆಂದು ಅಲ್ಲೇ ಬರೆದು ಕೊಡಿ.

ಹಂತ 9: ಅಲ್ಲೂ ಸೋತರೆ

ಪರಿಸರ ಅನುಮತಿಯ ವಿರುದ್ಧವಾದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅವಧಿ 30 ದಿನ, ತಕ್ಕ ಕಾರಣವಿದ್ದರೆ ಇನ್ನು 60, ಅದರಾಚೆಗೆ ಇಲ್ಲ. ಉಳಿದಂತೆ ಹೈಕೋರ್ಟಿಗೆ ರಿಟ್ ಅರ್ಜಿ. ಅದಕ್ಕೆ ಬೆಂಗಳೂರಿಗೆ ಹೋಗುವ ಕಾಲ ಮುಗಿಯಿತು. ಧಾರವಾಡದ ಹೈಕೋರ್ಟ್ ಪೀಠ 2008ರಿಂದ ಇದೆ, 2013ರಲ್ಲಿ ಕಾಯಂ ಆಯಿತು. ಇಲ್ಲಿಂದ ಮುಂದೆ ವಕೀಲರು ಬೇಕು. ಮೊದಲ ಭೇಟಿಗೆ ಹೋಗುವಾಗ ಪತ್ರಿಕಾ ಪ್ರಕಟಣೆಯ ತುಣುಕು, ಮೊಹರು ಬಿದ್ದ ಪ್ರತಿ, ಆದೇಶ ಮತ್ತು ಎಣಿಕೆಯ ಮೂಲ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿ ಒಯ್ಯಿರಿ.